ಬಂಗಾರದ ಗಟ್ಟಿಗೆ ಹೊಂಟಾಂವಗ ಎರಡು ಮಾತು

ಬಂಗಾರ ಹುಡುಕೂ ಮಶಿನ್ನಿಗೆ ಆರ್ಡರ್ ಹಾಕೀಯಂತಲ್ಲೋ ತಮ್ಮಾ! ನಿಮ್ಮವ್ವ ಫೋನ್ ಮಾಡಿ ಹೇಳಿದ್ಲು. ಬೈಯಾಕ ಹೇಳಿದ್ಲಂತ ತಿಳಕೋಬ್ಯಾಡ, ಅಕಿಗೂ ಒಳಗೊಳಗ ಒಂದೀಟು ಆಸೆ ಐತಿ. ಮೊಬೈಲಿನ್ಯಾಗ ನಾನೂ ನೋಡೇನಿ. ಆಸ್ಟ್ರೇಲಿಯಾದ ಕೆಂಪು ನೆಲ, ಟೊಪಗಿ ಹಾಕ್ಕೊಂಡ ಮುದುಕ, ಕಿವಿಗೆ ಹೆಡ್‌ಫೋನು. ‘ಕುಂಯ್’ ಅಂತು, ಕೆದರಿದ, ಅಂಗೈಯಾಗ ಹುಣಸಿಬೀಜದಷ್ಟು ಬಂಗಾರ. ಬಾಳ ಚಂದ ಐತಿ. ಆದ್ರ ಆ ಒಂದು ಬೀಜಕ್ಕ ಆಂವ ಎಷ್ಟು ತುಕ್ಕು ಮೊಳಿ, ಎಷ್ಟು ಹಳೇ ಡಬ್ಬಿ ಅಗದಾನ ಅನ್ನೂದನ್ನ ಕತ್ತರಿಸಿ ಒಗದಿರತಾರ. ನೀ ಕತ್ತರಿಸಿದ್ದನ್ನ ನೋಡೂ ಹುಡುಗ ಅಲ್ಲ, ಉಳಿದಿದ್ದನ್ನ ನೋಡಿ ಕುಣಿಯೂ ಹುಡುಗ. ಡ್ರ್ಯಾಗನ್ ಫ್ರೂಟಿಗೂ ಹಿಂಗ ಕುಣದಿದ್ದಿ, ಕಂಬ ಹಾಕಿದ್ದು ಹಿತ್ತಲದಾಗ ಇನ್ನೂ ನಿಂತಾವ.

ನಮ್ಮ ಕಡೆ ಬಂಗಾರ ಇಲ್ಲ ಅಂತ ನಾ ಅನ್ನೂದಿಲ್ಲ. ಹಾವೇರಿ ತಾಲೂಕಿನ ಗಣಜೂರಿನ ನೆಲದಾಗ ಐತಿ. ಕಂಪನಿಯವರು ಬೋರ್ ಹೊಡದು, ಕಲ್ಲು ತಗದು, ಪರೀಕ್ಷಾ ಮಾಡಿ ಖಾತ್ರಿ ಮಾಡ್ಯಾರ. ಆದ್ರ ಎಂಥಾ ಬಂಗಾರ? ಒಂದು ಟನ್ ಕಲ್ಲು ಪುಡಿ ಮಾಡಿದ್ರ ಮೂರ್ನಾಕು ಗ್ರಾಂ. ಅಂದ್ರ ಟ್ರ್ಯಾಕ್ಟರ್ ಡಬ್ಬಿ ತುಂಬ ಕಲ್ಲು ಹೇರಿದ್ರ ಎರಡು ಮೂರು ಉಂಗುರ. ಅದೂ ಕಣ್ಣಿಗೆ ಕಾಣೂಹಂಗ ಇಲ್ಲ, ಗಂಧಕ ಬೆರೆತ ಕಲ್ಲಿನ ಒಳಗ ಹುಡಿಗಿಂತ ಸಣ್ಣಗ ಅಡಗೈತಿ. ನಿನ್ನ ಮಶಿನ್ನು ಅದರ ಮ್ಯಾಲ ಹಗಲು ಪೂರ್ತಿ ಆಡಿಸಿದರೂ ಬಾಯಿ ಬಿಡೂದಿಲ್ಲ. ನಮ್ಮ ಹೊಲದಾಗ ಅದು ಬಾಯಿ ಬಿಡೂದು ಎತ್ತಿನ ಲಾಳಕ್ಕ, ಮುರದ ಕುಡಕ್ಕ, ಟ್ರ್ಯಾಕ್ಟರಿನ ನಟ್ಟಿಗೆ. ಕಬ್ಬಿಣದ ಅಂಶ ಇರೂ ಕಲ್ಲಿಗೂ ಸುಳ್ಳ ಕೂಗತೈತಿ.

ಗಟ್ಟಿಗಟ್ಟಿ ಸಿಗೂದು ಆಸ್ಟ್ರೇಲಿಯಾದಾಗ ಖರೆ. 1869ರ ಫೆಬ್ರುವರಿಯಾಗ ವಿಕ್ಟೋರಿಯಾ ಸೀಮಿಯ ಮೊಲಿಯಾಗುಲ್ ಅನ್ನೂ ಊರಾಗ ಜಾನ್ ಡೀಸನ್, ರಿಚರ್ಡ್ ಓಟ್ಸ್ ಅನ್ನೂ ಇಬ್ಬರಿಗೆ ಗಿಡದ ಬೇರಿನ ಹತ್ರ, ನೆಲದಿಂದ ಒಂದೆರಡು ಬೆರಳಿನಷ್ಟ ಕೆಳಗ, ಎಪ್ಪತ್ತು ಕಿಲೋ ದಾಟಿದ ಗಟ್ಟಿ ಸಿಕ್ತು. ಅಂಥಾದ್ದನ್ನ ತೂಗೂ ತಕ್ಕಡಿ ಅಲ್ಲಿ ಇರಲಿಲ್ಲ. ಕಮ್ಮಾರನ ಅಡಿಗಲ್ಲಿನ ಮ್ಯಾಲ ಇಟ್ಟು ಒಡದು ತೂಗಿದ್ರು. ಇಷ್ಟು ಕತಿ ನಿನಗ ಗೊತ್ತಿರತೈತಿ. ಗೊತ್ತಿಲ್ಲದ್ದು ಕೇಳು. ಆ ಇಬ್ಬರೂ ವರ್ಷಾನುಗಟ್ಟಲೆ ಅದ ಹಳ್ಳದ ಬದಿಗೆ ಮಣ್ಣು ತೊಳಕೋತ ಕುಂತವರು. ಬೆಳಿಗ್ಗೆ ಬಂದು ಸಂಜಿಕೆ ಸಾವ್ಕಾರ ಆದವರಲ್ಲ. ಮುಂದ ಡೀಸನ್ ಅದ ರೊಕ್ಕದಾಗ ಬಾಳಷ್ಟನ್ನ ಮತ್ತ ಬಂಗಾರದ ಗಣಿಗೆ ಹಾಕಿ ಕಳಕೊಂಡ, ಕೊನಿಗೆ ಸಣ್ಣ ಹೊಲ ಮಾಡಿಕೊಂಡು ಜೀವನ ಸಾಗಿಸಿದ. ಗಟ್ಟಿ ಸಿಕ್ಕಾಂವನ ಪಾಡು ಇದು. ಸಿಗದವರ ಹೆಸರು ಯಾರು ಬರದಿಟ್ಟಾರ?

ಅಲ್ಲಿ ಇನ್ನೊಂದು ರೀತಿ ಐತಿ. ಪಶ್ಚಿಮ ಆಸ್ಟ್ರೇಲಿಯಾದಾಗ ‘ಮೈನರ್ಸ್ ರೈಟ್’ ಅಂತ ಸರ್ಕಾರದ ಪರವಾನಿಗಿ ಚೀಟಿ ತಗೊಂಡ ಮ್ಯಾಲನ ಹುಡುಕಬೇಕು, ಅಗದ ತಗ್ಗು ಮುಚ್ಚಿ ಬರಬೇಕು. ಇಲ್ಲಿ ನಿನಗ ಅಂಥಾ ಚೀಟಿ ಯಾರೂ ಕೊಡೂದಿಲ್ಲ. ಹೊಲ ನಮ್ಮದು, ಪಹಣಿ ನಮ್ಮ ಹೆಸರಿಗೆ ಐತಿ, ಆದರೂ ಪರವಾನಿಗಿ ಇಲ್ಲದ ಬಂಗಾರ ತಗಿಯಾಕ ಕಾಯ್ದೆ ಬಿಡೂದಿಲ್ಲ. ಇನ್ನ ಆ ಮಶಿನ್ ಹೆಗಲಿಗೆ ಹಾಕ್ಕೊಂಡು ಚೌಡದಾನಪುರದ ಗುಡಿ ಕಡೆ, ಗಳಗನಾಥದ ಕಡೆ ತಿರಗ್ಯಾಡಿದಿ ಅಂದ್ರ ಊರ ಮಂದಿ ನಿನ್ನನ್ನ ಬಂಗಾರ ಹುಡುಕಾಂವ ಅನ್ನೂದಿಲ್ಲ, ನಿಧಿಗಳ್ಳ ಅಂತ ಕಂಬಕ್ಕ ಕಟ್ಟತಾರ. ನಾ ಬಿಡಿಸ್ಕೊಂಡು ಬರೂದಿಲ್ಲ, ಈಗಲೇ ಹೇಳಿರತೇನಿ.

ನೋಡೂ ಮನಸಿದ್ರ ಮಣ್ಣು ತೊಳದು ಬಂಗಾರ ತಗಿತಿದ್ದ ಜಲಗಾರರ ಕತಿ ನೋಡು. ಗದಗ ಜಿಲ್ಲಾದ ಕಪ್ಪತಗುಡ್ಡ ಇಲ್ಲಿಂದ ದೂರೇನಿಲ್ಲ. ಆ ಗುಡ್ಡದ ಹಳ್ಳದಾಗ, ಸೊರಟೂರು, ಡೋಣಿ ಕಡೆ, ಮಳಿ ಹೊಡದು ಹಳ್ಳ ಬಂದು ಇಳದ ಮ್ಯಾಲ ಜಲಗಾರರು ಮರದ ಮರಿಗಿ ಹಿಡಕೊಂಡು ಕುಂದರತಿದ್ರು. ಅವರು ಎಲ್ಲೆಂದ್ರ ಅಲ್ಲಿ ಮಣ್ಣು ತುಂಬತಿರಲಿಲ್ಲ. ನೀರು ಎಲ್ಲಿ ಸುತ್ತಿ ತಿರುಗಿ ಸುಸ್ತಾಗತೈತಿ, ಯಾವ ಬಂಡಿಗಲ್ಲಿನ ಹಿಂದ ಭಾರದ ಉಸುಕು ನಿಂದರತೈತಿ, ಅಲ್ಲಿ ಕೆರಿಯೂದು. ಬಂಗಾರ ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರ, ಬಿಳಿ ಉಸುಕು ಎರಡೂವರಿ ಪಟ್ಟಿನ ಮ್ಯಾಲ ಒಂದೀಟು. ಮರಿಗಿ ಅಲಗಾಡಿಸ್ಕೋತ ನೀರು ಬಿಟ್ಟಂಗ ಹಗುರದ್ದು ಹರದು ಹೋಗತೈತಿ, ಕೊನಿಗೆ ಕಬ್ಬಿಣದ ಕರೀ ಉಸುಕು ಉಳಿತೈತಿ. ಆ ಕರೀದರ ಅಂಚಿನ್ಯಾಗ ಎರಡು ಹಳದಿ ಚುಕ್ಕಿ ಕಂಡ್ರ ಅವತ್ತಿನ ಕೂಲಿ. ಕಾಣದಿದ್ರ ನಾಳೆ. ಮಳಿ ಇಲ್ಲದ ದಿವಸ ಅಕ್ಕಸಾಲಿಗರ ಅಂಗಡಿ ಮುಂದಿನ ಕಸ, ಮಣ್ಣು ಕೊಂಡು ತೊಳದು ಅದರಾಗಿನ ಚೂರು ತಗಿತಿದ್ರು. ನಿಮ್ಮತ್ತಿ ರಾಣೇಬೆನ್ನೂರ ಕಡೆ ಬೀಜದ ಕಂಪನಿಗೆ ಕ್ರಾಸಿಂಗ್ ಮಾಡತಾಳಲ್ಲ, ಒಂದೊಂದ ಹೂ ಬಿಡಿಸಿ, ಗಂಡು ತಗದು, ಪುಡಿ ಹಚ್ಚಿ, ದಾರ ಕಟ್ಟಿ, ಮತ್ತೊಂದು ಹೂವಿಗೆ ಹೋಗೂದು, ಆ ಕೈ ಬೇಕು ಇದಕ್ಕ. ನಿನ್ನ ಕೈಗೆ ಮೂರನೇ ಹೂವಿಗೇ ರೀಲ್ಸ್ ನೆನಪಾಗತೈತಿ.

ಆ ಜಲಗಾರರನ್ನ ಹುಡಿಕ್ಕೊಂಡು ಬಂದಾಂವ ರಾಬರ್ಟ್ ಬ್ರೂಸ್ ಫುಟ್, ಸರ್ಕಾರಿ ಭೂವಿಜ್ಞಾನಿ. ನಮ್ಮ ಸೀಮಿ ಕಲ್ಲುಗಳಿಗೆ ಭೂವಿಜ್ಞಾನದ ಪುಸ್ತಕದಾಗ ‘ಧಾರವಾಡ’ ಅನ್ನೂ ಹೆಸರು ತಂದಾಂವನೂ ಆಂವನ. ಕಪ್ಪತಗುಡ್ಡದ ಬಂಗಾರದ ಮ್ಯಾಲ ಆಂವ ಬರದದ್ದು 1874ರಾಗ ಅಚ್ಚಾತು. ಅಷ್ಟು ಓದಿದ ಮನಶಾ ಹಳ್ಳದ ಗುಣ ತಿಳಕೊಂಡಿದ್ದು ಯಾರ ಕೈ ನೋಡಿ? ಮರಿಗಿ ಹಿಡದ ಜಲಗಾರನ ಕೈ ನೋಡಿ. ಹಳ್ಳದಾಗ ಬಂಗಾರ ಐತಿ, ಆದ್ರ ಚೂರುಪಾರು ಅಂತ ಗೊತ್ತಾತು. ಆಮ್ಯಾಲ 1900ರ ಆಚೀಚಿಗೆ ಬಿಳಿ ಮಂದಿ ಕಂಪನಿ ಕಟ್ಟಿಕೊಂಡು ಹೊಸೂರು, ಕಬಲಾಯತಕಟ್ಟಿ ಕಡೆ ಸುರಂಗ ಹೊಡದ್ರು, ಕೆಲವು ವರ್ಷದಾಗ ಬಾಗಿಲಾ ಹಾಕ್ಕೊಂಡು ಹೋದ್ರು. ಈಗ 2019ರಿಂದ ಕಪ್ಪತಗುಡ್ಡ ವನ್ಯಜೀವಿ ಧಾಮ. ಗುದ್ದಲಿ ಒಯ್ದ್ರ ಫಾರೆಸ್ಟಿನವರು ಕೇಸ್ ಹಾಕತಾರ. ಹಾಕಬೇಕು ಸೈತ, ಅಂಥಾ ಗುಡ್ಡ ನಮಗಿನ್ನೊಂದು ಇಲ್ಲ.

ಬೆಂಗಳೂರಾಗ ಲ್ಯಾವೆಲ್ ರೋಡಿನ್ಯಾಗ ಕಾಫಿ ಕುಡದು ಫೋಟೋ ಹಾಕಿದ್ದಿಯಲ್ಲ, ಆ ಲ್ಯಾವೆಲ್ ಯಾರು ಅಂತ ಕೇಳಿದೇನು? ನ್ಯೂಜಿಲೆಂಡಿನ ಯುದ್ಧದಿಂದ ಬಂದ ಸಿಪಾಯಿ. ಕೋಲಾರದ ಬಂಗಾರದ ಮ್ಯಾಲ ವಾರೆನ್ ಅನ್ನೂ ಅಧಿಕಾರಿ ಬರದು 1804ರಾಗ ಅಚ್ಚಾದ ಹಳೇ ವರದಿ ಓದಿ, 1871ರಾಗ ಎತ್ತಿನ ಗಾಡಿ ಹತ್ತಿ ಹೋದ. 1873ರಾಗ ಪರವಾನಿಗಿ ತಗೊಂಡ. ರೊಕ್ಕ ಸಾಲದ್ದಕ್ಕ ಹಕ್ಕು ಬ್ಯಾರೆಯವರಿಗೆ ಬಿಟ್ಟುಕೊಟ್ಟ. ದೊಡ್ಡ ಬಂಗಾರ ಬಂದದ್ದು 1880ರಾಗ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮ್ಯಾಲ. ಆ ಗಣಿನೂ 2001ರಾಗ ಮುಚ್ಚಿತು. ಆಂವ ಗಾಡಿ ಹತ್ತೂಕ್ಕಿಂತ ಮೊದಲು ಓದಿದ್ದ ಅನ್ನೂದನ್ನ ಗಮನಿಸು. ನೀ ಓದಿದ್ದು ಮಶಿನ್ನಿನ ರೇಟು, ಅದರ ಮ್ಯಾಲಿನ ಡಿಸ್ಕೌಂಟು.

ಮಶಿನ್ನಿಗಿಂತ ನನಗ ಹೆಚ್ಚಿನ ಅಂಜಿಕೆ ಬ್ಯಾರೆ ಐತಿ. ಬಂಗಾರದ ಹುಚ್ಚು ಹತ್ತಿದ ಹುಡುಗನ ವಾಸನಿ ಕೆಲವರಿಗೆ ಲಗೂನ ಬಡಿತೈತಿ. ಒಂದಿನ ಫೋನ್ ಬರತೈತಿ: ‘ಅಣ್ಣಾರ, ಮನಿ ಪಾಯಾ ತಗಿಯಾಗ ಹಂಡೇದಾಗ ಬಂಗಾರದ ನಾಣ್ಯ ಸಿಕ್ಕಾವ, ಯಾರಿಗೂ ಹೇಳಬ್ಯಾಡ್ರಿ, ಅರ್ಧಾ ರೇಟಿಗೆ ಕೊಡತೀವಿ.’ ಮೊದಲು ಕೊಡೂದು ಅಪ್ಪಟ ಬಂಗಾರದ್ದ. ಸರಾಫನ ಕಡೆ ಒರಿಗಲ್ಲಿಗೆ ಹಚ್ಚಿಸ್ತಿ, ಖರೇ ಅಂತಾನ, ನಿನ್ನ ಕಣ್ಣು ಹೊಳಿತಾವ. ಆಮ್ಯಾಲ ರೊಕ್ಕದ ಚೀಲ ತಗೊಂಡು ಹೋದ್ರ ಕೈಯಾಗ ಹಿತ್ತಾಳಿ ಉಳಿತಾವ. ದಾವಣಗೆರಿ, ಹರಪನಹಳ್ಳಿ ಕಡೆ ಇಂಥ ಮೋಸದ ಸುದ್ದಿ ಪೇಪರಿನ್ಯಾಗ ಓದಿ ಓದಿ ನನಗ ಸಾಕಾಗೈತಿ. ಮೋಸ ಹೋದವರು ದಡ್ಡರಲ್ಲಪಾ, ನಿನ್ನಂಗ ಶಾಣ್ಯಾರ. ಅಕಸ್ಮಾತ್ ಖರೇನ ಯಾರಿಗರೆ ನಿಧಿ ಸಿಕ್ಕಿದ್ರ ಅದನ್ನ ಜಿಲ್ಲಾಧಿಕಾರಿಗೆ ತಿಳಸಬೇಕು, ನಿನಗ ಮಾರೂದಲ್ಲ.

ಇನ್ನ ಈ ಅಜ್ಜ ‘ನಮ್ಮ ಬ್ಯಾಡಗಿ ಮೆಣಸಿನಕಾಯಿನ ಕೆಂಪು ಬಂಗಾರ, ಅದನ್ನ ಬೆಳಿ’ ಅಂತ ಭಾಷಣ ಬಿಗಿತಾನ ಅಂತ ಕಾಯಾಕ ಹತ್ತೀಯೇನು? ಬಿಗಿಯೂದಿಲ್ಲ. 2011ರಾಗ ಜಿಐ ಮುದ್ರಿ ಬಂತು, ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗತೈತಿ, ಎಲ್ಲಾ ಖರೆ. ಆದ್ರ 2024ರ ಮಾರ್ಚಿನ್ಯಾಗ ಅದ ಬ್ಯಾಡಗಿ ಮಾರ್ಕೆಟ್ಟಿನ್ಯಾಗ ರೇಟು ಬಿದ್ದು, ರೈತರು ಸಿಟ್ಟಿಗೆದ್ದು, ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತಲ್ಲ. ಹೊಲದಾಗ ಸುಲಭ ಬಂಗಾರ ಐತಿ ಅಂತ ಹೇಳಾಂವನೂ ನಿನಗ ಮಶಿನ್ ಮಾರಾಂವನ ತಮ್ಮನ.

ನಿನಗ ನೆಲದ ಒಳಗ ಏನೈತಿ ಅನ್ನೂ ಕುತೂಹಲ ಐತಿ, ಅದು ನನಗ ಬಾಳ ಸೇರತೈತಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಾಗ ಭೂವಿಜ್ಞಾನ ಕಲಸತಾರ, ಅರ್ಜಿ ಹಾಕು. ಫೀ ನಾ ನೋಡ್ಕೋತೇನಿ. ಮಶಿನ್ನಿನ ಆರ್ಡರ್ ಇವತ್ತ ರದ್ದು ಮಾಡು. ಅಷ್ಟಕ್ಕೂ ಕೈ ತಡೀಲಿಲ್ಲಂದ್ರ ಒಂದು ಕೆಲಸ ಹೇಳತೇನಿ. ಮನಿ ಕಟ್ಟಾಗ ಉಳಿದ ಉಸುಕು ಹಿತ್ತಲದಾಗ ಐತಲ್ಲ, ಅದರಾಗ ಒಂದು ಬುಟ್ಟಿ ತಗೊ. ಮೀನಿನ ಗಾಳಕ್ಕ ಹಾಕೂ ಸೀಸದ ಗುಂಡಿನ್ಯಾಗ ಸಾಸಿವಿಯಷ್ಟು ಸಣ್ಣವು ಹತ್ತು ಎಣಿಸಿ ಅದರೊಳಗ ಕಲಸು. ದೊಡ್ಡ ತಾಟಿನ್ಯಾಗ ಸ್ವಲ್ಪ ಸ್ವಲ್ಪ ಹಾಕಿ ನೀರಾಗ ತೊಳಿ. ಆಸ್ಟ್ರೇಲಿಯಾದಾಗೂ ಕೈ ಪಳಗಸೂದು ಹಿಂಗನ. ಸೀಸ ಬಂಗಾರಕ್ಕಿಂತ ಹಗುರ, ಅದನ್ನ ಹಿಡದಾಂವ ಬಂಗಾರ ಬಿಡೂದಿಲ್ಲ. ಮೊದಲನೇ ಸಲ ನಾಕು ಸಿಕ್ಕಾವು, ಉಳದಾವು ಗಟಾರ ಸೇರತಾವ. ಹತ್ತಕ್ಕ ಹತ್ತೂ ಸಿಕ್ಕ ದಿವಸ ಫೋನ್ ಮಾಡು. ಸುಳ್ಳ ಹೇಳಬ್ಯಾಡ, ಎಣಸಾಕ ನಿಮ್ಮವ್ವನ್ನ ಕುಂದರಸತೇನಿ.