ಜಾಹೀರಾತು ಮತ್ತು ಪರಿಚಯದ ಮೋಹ

ಸರಕು ಅಥವಾ ಸೇವೆಯ ವಿಷಯವನ್ನು ಹಣ ತೆತ್ತು ಜನರಿಗೆ ಸಾರುವುದೇ ಜಾಹೀರಾತು. ಆದರೆ ಒಂದೇ ಸಾಬೂನಿನ ಹೆಸರನ್ನು ನಿತ್ಯವೂ ಸಾರುವುದೇಕೆ? ಒಮ್ಮೆ ತಿಳಿಸಿದರೆ ಸಾಲದೆ?

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸರು 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನೋಡೋಣ. ಅರ್ಥವಿಲ್ಲದ ಪದಗಳನ್ನು ತುರ್ಕಿ ಭಾಷೆಯವೆಂದು ಹೇಳಿ ಅವರು ವಿದ್ಯಾರ್ಥಿಗಳಿಗೆ ತೋರಿಸಿದರು. ಕೆಲವನ್ನು ಒಂದೆರಡು ಸಲ, ಕೆಲವನ್ನು 25 ಸಲ. ಹೆಚ್ಚು ಸಲ ಕಂಡ ಪದಕ್ಕೆ ಒಳ್ಳೆಯ ಅರ್ಥವಿರಬೇಕೆಂದು ವಿದ್ಯಾರ್ಥಿಗಳು ಊಹಿಸಿದರು! ಪರಿಚಯವೇ ಮೆಚ್ಚಿಕೆಯನ್ನು ಹುಟ್ಟಿಸಿತ್ತು.

ಜಾಹೀರಾತಿನ ಬಲಕ್ಕೆ ಇದೂ ಒಂದು ಮೂಲ. ಅಂಗಡಿಯಲ್ಲಿ ಹತ್ತು ಸಾಬೂನುಗಳಿದ್ದರೂ ಹೆಸರು ಕೇಳಿದುದರತ್ತಲೇ ಮನಸ್ಸು ವಾಲುತ್ತದೆ. ಆದರೆ ಪರಿಚಯವು ಗುಣಕ್ಕೆ ಪ್ರಮಾಣವಲ್ಲ. ಮದ್ದಿನ ವಿಷಯದಲ್ಲಂತೂ ಈ ಮೋಹ ಅಪಾಯಕರ. ಮಧುಮೇಹ, ಕ್ಯಾನ್ಸರುಗಳನ್ನು ವಾಸಿಮಾಡುವುದಾಗಿ ಸಾರುವ ಔಷಧದ ಜಾಹೀರಾತುಗಳನ್ನು ಭಾರತವು 1954ರ ಕಾನೂನಿನಿಂದ ನಿಷೇಧಿಸಿದೆ. ಕೊಳ್ಳುವ ಮುನ್ನ ಹೊದಿಕೆಯ ಮೇಲಿನ ವಿವರವನ್ನು ಓದಿ ನಿರ್ಧರಿಸುವುದು ಲೇಸು.