ಪುಟ್ಟ ಕಾರಿನ ಹೊಳಪು

ಕೃಷ್ಣಾ ತೀರದ ಗಲಗಲಿಯಲ್ಲಿ ಗಾಳಿಯಾಡದ ಮುಂಜಾನೆ ಹೊಳೆಯ ದಂಡೆಗೆ ಹೋಗಿ ನಿಂತರೆ ಮರಗಳ ಪ್ರತಿಬಿಂಬವು ನೀರಿನಲ್ಲಿ ತಲೆಕೆಳಗಾಗಿ ಸ್ಪಷ್ಟವಾಗಿ ಕಾಣುತ್ತದೆ. ತುಸು ಗಾಳಿ ಬೀಸಿತೆಂದರೆ ಅದು ಚೂರುಚೂರಾಗುತ್ತದೆ. ನೀರು ಅದೇ, ಬೆಳಕೂ ಅದೇ. ಬದಲಾದುದು ನೀರಿನ ಮೇಲ್ಮೈ ಮಾತ್ರ. ಮಾದರಿ ಕಾರಿಗೆ ಬಣ್ಣ ಬಳಿದು ಹೊಳಪು ಕೊಡಬಯಸುವ ವಿದ್ಯಾರ್ಥಿಯು ಮೊದಲು ಕಲಿಯಬೇಕಾದ ಪಾಠವೂ ಇದೇ. ಹೊಳಪಿನ ಗುಟ್ಟು ಡಬ್ಬಿಯೊಳಗಿನ ಬಣ್ಣಕ್ಕಿಂತ ಹೆಚ್ಚಾಗಿ ಮೇಲ್ಮೈಯ ನುಣುಪಿನಲ್ಲಿ ಅಡಗಿದೆ.

ನುಣುಪು ಎಂದರೆ ಎಷ್ಟು?

ಬೆರಳಿಗೆ ನುಣುಪಾಗಿ ತೋರಿದುದೆಲ್ಲವೂ ಬೆಳಕಿಗೆ ನುಣುಪಲ್ಲ. ಹಸಿರು ಬೆಳಕಿನ ಅಲೆಯುದ್ದ ಸುಮಾರು 0.55 ಮೈಕ್ರಾನು, ಒಂದು ಮೈಕ್ರಾನು ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮೇಲ್ಮೈಯ ಉಬ್ಬುತಗ್ಗುಗಳು ಅಲೆಯುದ್ದದ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಅದು ಕನ್ನಡಿಯಂತೆ ವರ್ತಿಸುತ್ತದೆಂಬುದು ಭೌತಶಾಸ್ತ್ರಜ್ಞ ರ್‍ಯಾಲೆಯ ಹೆಸರಿನಲ್ಲಿರುವ ಸ್ಥೂಲ ನಿಯಮ. ಲೆಕ್ಕ ಹಾಕಿದರೆ ಆ ಮಿತಿ ಕೇವಲ 0.07 ಮೈಕ್ರಾನು! ಅದಕ್ಕಿಂತ ಒರಟಾದಾಗ ಬೆಳಕು ಹತ್ತೆಂಟು ದಿಕ್ಕಿಗೆ ಚದರಿ ಮೇಲ್ಮೈ ಮಂಕಾಗಿ ಕಾಣುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಳೆಯ ಪ್ಲಾಸ್ಟಿಕ್ ಚಮಚವೊಂದರ ಬೆನ್ನನ್ನು ನಯವಾದ ವಾಟರ್ ಪೇಪರಿನಿಂದ ಉಜ್ಜಿ ಮಂಕಾಗಿಸಿರಿ. ಅದರ ಮೇಲೆ ಒಂದು ಹನಿ ನೀರು ಸವರಿದರೆ ಆ ಭಾಗವು ಥಟ್ಟನೆ ಹೊಳೆಯುವುದು. ನೀರು ಆರಿದೊಡನೆ ಮಂಕು ಮರಳುವುದು. ನೀರು ಗೀರುಗಳನ್ನು ತುಂಬಿ ಸಮತಲವನ್ನು ಒದಗಿಸಿತು, ಅಷ್ಟೆ. ಮೇಣದ ಕೆಲಸವೂ ಇಂಥದೇ: ಮೇಣವು ಗೀರನ್ನು ಮುಚ್ಚುತ್ತದೆ, ಪಾಲಿಷ್ ಗೀರನ್ನೇ ಸವೆಸಿ ತೆಗೆಯುತ್ತದೆ.

ಚನ್ನಪಟ್ಟಣದ ಪಾಠ

ನಮ್ಮ ನಾಡಿನ ಕುಶಲಕರ್ಮಿಗಳು ಈ ತತ್ತ್ವವನ್ನು ಬಹುಕಾಲದಿಂದ ಕೈಯಲ್ಲಿಯೇ ಬಲ್ಲರು. ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣದಲ್ಲಿ ಹಾಲೆಯ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಅದಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಮೆತ್ತಗಾಗಿ ಮರಕ್ಕೆ ಅಂಟಿಕೊಳ್ಳುತ್ತದೆ. ತರುವಾಯ ಕೇದಗೆ ಜಾತಿಯ ಗಿಡದ ಒಣ ಎಲೆಯನ್ನು ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಥಳಥಳಿಸುತ್ತದೆ. ಆಟದ ಕಾರಿನ ಗಾಲಿಗಳು ಹೊಳೆಯುವುದು ಹೀಗೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಮಾರ್ಗ ಬೇರೆ. ಅಲ್ಲಿ ಹುಣಸೆಬೀಜದ ಅಂಟು ಮುಂತಾದವುಗಳಿಂದ ಗೊಂಬೆಯ ಮೈಯನ್ನು ಮೊದಲು ಸಮಮಾಡಿ, ಅನಂತರ ಕುಂಚ ಹಿಡಿಯುತ್ತಾರೆ. ಎರಡೂ ಕಡೆಯ ನೀತಿಯೊಂದೇ: ತಳ ಸಮವಾಗದೆ ಬಣ್ಣ ಶೋಭಿಸದು.

ಅಳತೆಯ ಕಷ್ಟ

ಮಾದರಿ ಕಾರಿನಲ್ಲಿ ಇನ್ನೊಂದು ತೊಡಕುಂಟು. ನಿಜವಾದ ಕಾರಿನ ಬಣ್ಣದ ದಪ್ಪ ಸುಮಾರು 100 ಮೈಕ್ರಾನು ಎಂದಿಟ್ಟುಕೊಳ್ಳೋಣ. ಅದರ 24ನೆಯ ಒಂದು ಪಾಲಿನ ಮಾದರಿಯಲ್ಲಿ ಬಣ್ಣವು 4 ಮೈಕ್ರಾನಿನಷ್ಟಿರಬೇಕಾಯಿತು. ಅಷ್ಟು ತೆಳುವಾಗಿ ಬಳಿದು, ಉಜ್ಜಿ, ಹೊಳಪು ಕೊಡುವುದು ಆಗದ ಮಾತು. ಮೂರು ಲೇಪಗಳು ಸೇರಿ 30 ಮೈಕ್ರಾನು ಆದುವೆನ್ನಿ. ನಿಜ ಕಾರಿನ ಬಾಗಿಲಿನ ಸಂದು 4 ಮಿಲಿಮೀಟರು ಇದ್ದರೆ ಮಾದರಿಯಲ್ಲಿ ಅದು 0.17 ಮಿಲಿಮೀಟರು ಮಾತ್ರ. ಎರಡು ಅಂಚಿನಲ್ಲಿಯೂ ಬಣ್ಣ ಕೂತಾಗ 0.06 ಮಿಲಿಮೀಟರು ಹೋಗುತ್ತದೆ. ಎಂದರೆ ಸಂದಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮುಚ್ಚಿತು! ದಪ್ಪನಾಗಿ ಬಳಿದ ಕಾರು ಆಟಿಕೆಯಂತೆ ಕಾಣಲು ಇದೇ ಕಾರಣ. ಲೋಹದ ಮಿಂಚಿರುವ ಬಣ್ಣಕ್ಕೂ ಈ ಲೆಕ್ಕ ಅನ್ವಯಿಸುತ್ತದೆ. ಅದರಲ್ಲಿನ ಅಲ್ಯೂಮಿನಿಯಂ ಹಳಕು 20 ಮೈಕ್ರಾನು ಅಗಲವಿದ್ದರೆ, ಮಾದರಿಯ ಮೇಲೆ ಅದು ನಿಜ ಕಾರಿಗೆ ಅರ್ಧ ಮಿಲಿಮೀಟರಿನ ಚೂರನ್ನು ಅಂಟಿಸಿದಂತೆ. ಆದುದರಿಂದ ಅತಿ ಸಣ್ಣ ಹಳಕಿನ ಬಣ್ಣವನ್ನೇ ಆರಿಸಬೇಕು.

ಕೆಲಸದ ಕ್ರಮ

ಮೊದಲು ಕಾರಿನ ಮೈಯನ್ನು ಸಾಬೂನು ನೀರಿನಿಂದ ತೊಳೆದು ಆರಿಸಿರಿ. ಬೆರಳಿನ ಜಿಡ್ಡಿದ್ದಲ್ಲಿ ಬಣ್ಣ ನಿಲ್ಲದು. ಪ್ರೈಮರನ್ನು ತೆಳುವಾಗಿ ಹಚ್ಚಿ, ಮೇಲೆ ಬಣ್ಣವನ್ನು ಹಲವು ತೆಳು ಲೇಪಗಳಾಗಿ ಕೊಡಿರಿ. ಸಿಂಪಡಿಸುವಾಗ ತೀರ ದೂರ ನಿಂತರೆ ಹನಿಗಳು ದಾರಿಯಲ್ಲೇ ಒಣಗಿ ಮೈ ಒರಟಾಗುತ್ತದೆ. ತೀರ ಹತ್ತಿರವಾದರೆ ಬಣ್ಣ ಸೋರುತ್ತದೆ. ಬಣ್ಣವು ಒದ್ದೆಯಾಗಿರುವಷ್ಟು ಹೊತ್ತು ಮೇಲ್ಮೈಸೆಳೆತವು ಅದನ್ನು ಸಮಮಾಡುತ್ತಿರುತ್ತದೆ. ಆದರೆ ಅದೇ ಸೆಳೆತವು ಚೂಪಾದ ಅಂಚುಗಳಿಂದ ಬಣ್ಣವನ್ನು ಹಿಂದಕ್ಕೆಳೆಯುವುದರಿಂದ ಅಲ್ಲಿ ಪದರ ತೆಳುವಾಗುತ್ತದೆ. ಉಜ್ಜುವಾಗ ಅಂಚನ್ನು ಮುಟ್ಟಬೇಡಿರೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ.

ಎನಾಮೆಲ್ ಬಣ್ಣದಲ್ಲಿ ಥಿನ್ನರು ಆರಿದರೆ ಸಾಲದು. ಗಾಳಿಯ ಆಮ್ಲಜನಕವನ್ನು ಹೀರಿ ಅದು ಗಟ್ಟಿಯಾಗಬೇಕು. ಕೆಲವು ದಿನಗಳಾದರೂ ಕಾಯಬೇಕು. ಬಳಿಕ 1500, 2000 ಅಂಕಗಳ ವಾಟರ್ ಪೇಪರುಗಳಿಂದ ನೀರು ಹಾಕಿ ಹಗುರವಾಗಿ ಉಜ್ಜಿರಿ. 2000ದ ಕಾಗದದ ಕಣವೂ ಸುಮಾರು 10 ಮೈಕ್ರಾನಿನದು. ಆದುದರಿಂದ ಇಲ್ಲಿಯವರೆಗೆ ಕಾರು ಮಂಕಾಗಿಯೇ ಇರುವುದು, ಗಾಬರಿಪಡಬೇಕಾಗಿಲ್ಲ. ಪ್ರತಿ ಹೊಸ ಕಾಗದದಿಂದ ಹಿಂದಿನದಕ್ಕೆ ಅಡ್ಡಲಾಗಿ ಉಜ್ಜಿದರೆ ಹಳೆಯ ಗೀರು ಉಳಿದಿರುವುದು ಕಣ್ಣಿಗೆ ಬೀಳುತ್ತದೆ. ಕಡೆಗೆ ಸೂಕ್ಷ್ಮವಾದ ಪಾಲಿಷ್ ಲೇಪವನ್ನು ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ತೆಗೆದುಕೊಂಡು ತಿಕ್ಕಿದಾಗ ಹೊಳಪು ಮೂಡುತ್ತದೆ. ಲೋಹದ ಮಿಂಚಿನ ಬಣ್ಣವನ್ನು ಮಾತ್ರ ನೇರವಾಗಿ ಉಜ್ಜಬಾರದು. ಹಳಕುಗಳು ಸವೆದು ಬಣ್ಣ ಕೆಡುತ್ತದೆ. ಅದರ ಮೇಲೆ ಪಾರದರ್ಶಕ ವಾರ್ನಿಷು ಕೊಟ್ಟು, ಆ ವಾರ್ನಿಷಿಗೇ ಹೊಳಪು ಕೊಡಬೇಕು.

ಮರೆಯಬಾರದ ಎಚ್ಚರಿಕೆ

ಕಾರು ಹೊಳೆದು ಆರೋಗ್ಯ ಕೆಟ್ಟರೆ ಏನು ಫಲ? ಥಿನ್ನರಿನ ಆವಿಯು ಶ್ವಾಸಕ್ಕೆ ಕೆಡುಕು, ಬೆಂಕಿಗೆ ಬಲು ಸಲೀಸು. ಒಲೆ, ದೀಪಗಳಿಂದ ದೂರ, ಗಾಳಿಯಾಡುವ ಕಡೆ ಕೆಲಸಮಾಡಿರಿ. ಒಣಗಿ ಉಜ್ಜಿದಾಗ ಏಳುವ ಧೂಳು ಪುಪ್ಪುಸವನ್ನು ಸೇರುತ್ತದೆ; ನೀರು ಹಾಕಿ ಉಜ್ಜುವುದರಲ್ಲಿ ಈ ಲಾಭವೂ ಇದೆ. ಎಲ್ಲಕ್ಕೂ ಮಿಗಿಲಾದುದು ಸೀಸದ ವಿಷ. ಹಿಂದೆ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸದ ಲವಣಗಳನ್ನು ಬಳಸುತ್ತಿದ್ದರು. ಮಗುವಿನ ಬೆಳೆಯುವ ಮಿದುಳಿಗೆ ಅದು ಹಾನಿಕರ. ನಮ್ಮ ದೇಶದಲ್ಲಿ 2017ರ ನವೆಂಬರ್ 1ರಿಂದ ಗೃಹಬಳಕೆಯ ಹಾಗೂ ಅಲಂಕಾರದ ಬಣ್ಣಗಳಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಬಾರದೆಂಬ ನಿಯಮ ಜಾರಿಯಲ್ಲಿದೆ. ಆದರೆ ಅಟ್ಟದ ಮೇಲಿನ ಹಳೆಯ ಡಬ್ಬಿಗೆ ಆ ನಿಯಮ ತಿಳಿಯದು! ಅಂಥ ಬಣ್ಣವನ್ನು ಮುಟ್ಟದಿರುವುದೇ ಲೇಸು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ತಮ್ಮತಂಗಿಯರಿರುವ ಮನೆಯಲ್ಲಂತೂ ಈ ಎಚ್ಚರ ಅತ್ಯವಶ್ಯಕ.

ಕೆಲಸ ಮುಗಿದ ಮೇಲೆ ಕಾರನ್ನು ಕಿಟಕಿಯ ಬಳಿ ಹಿಡಿದು, ಓರೆಯಾಗಿಯಲ್ಲ, ನೇರವಾಗಿ ಮೇಲಿನಿಂದ ನೋಡಿರಿ. ಓರೆನೋಟಕ್ಕೆ ಒರಟು ಮೇಲ್ಮೈಯೂ ಹೊಳೆದಂತೆ ತೋರಿ ನಮ್ಮನ್ನು ವಂಚಿಸುತ್ತದೆ. ನೇರನೋಟದಲ್ಲಿಯೂ ಕಿಟಕಿಯ ಸರಳುಗಳು ಬಾಗದೆ, ಚದರದೆ ಕಾರಿನ ಮಾಡಿನ ಮೇಲೆ ಮೂಡಿದುವೇ? ಹಾಗಾದರೆ ಗಾಳಿಯಾಡದ ಮುಂಜಾನೆಯ ಕೃಷ್ಣೆಯನ್ನು ನೀವು ಅಂಗೈಯಗಲದ ಲೋಹದ ಮೇಲೆ ತಂದಿರೆಂದೇ ತಿಳಿಯಿರಿ.