ಅಜಂತೆಯ ಪ್ರತಿಚಿತ್ರಗಳು: ಲೇಡಿ ಹೆರಿಂಗ್ಯಾಮ್ ಮತ್ತು ವೆಂಕಟಪ್ಪ

ಭಿತ್ತಿಚಿತ್ರದ ಆಯುಷ್ಯ ಭಿತ್ತಿಯ ಆಯುಷ್ಯವೇ. ಆದ್ದರಿಂದಲೇ ಪ್ರತಿಚಿತ್ರಗಳಿಗೆ ಆಕರದ ಬೆಲೆ ಬರುತ್ತದೆ. ಅಜಂತೆಯ ಚಿತ್ರಗಳಿಗೆ ರಾಬರ್ಟ್ ಗಿಲ್ ಮಾಡಿದ ತೈಲವರ್ಣದ ಪ್ರತಿಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬೆಂಕಿಗೆ ಆಹುತಿಯಾದುವು. ಜಾನ್ ಗ್ರಿಫಿತ್ಸ್ ಅವರ ನೇತೃತ್ವದಲ್ಲಿ ಮುಂಬಯಿಯ ಕಲಾಶಾಲೆಯವರು ಸಿದ್ಧಪಡಿಸಿದವುಗಳಲ್ಲಿಯೂ ಹಲವು 1885ರಲ್ಲಿ ಲಂಡನ್ನಿನಲ್ಲಿಯೇ ಸುಟ್ಟುಹೋದುವು.

ಈ ನಷ್ಟದ ಹಿನ್ನೆಲೆಯಲ್ಲಿ ಲೇಡಿ ಕ್ರಿಸ್ಟಿಯಾನಾ ಹೆರಿಂಗ್ಯಾಮ್ (1852-1929) ಅವರ ಕಾರ್ಯವನ್ನು ಪರಿಶೀಲಿಸಬೇಕು. ಸೆನ್ನಿನೊ ಸೆನ್ನಿನಿಯ ಇಟಾಲಿಯನ್ ಚಿತ್ರವಿದ್ಯಾ ಗ್ರಂಥವನ್ನು 1899ರಲ್ಲಿ ಇಂಗ್ಲಿಷಿಗೆ ತಂದಿದ್ದ ಈಕೆ, 1909-11ರಲ್ಲಿ ಅಜಂತೆಯ ಚಿತ್ರಗಳನ್ನು ಪ್ರತಿಮಾಡಿದರು. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಮೊದಲಾದವರೊಡನೆ ಮೈಸೂರಿನ ಕೆ. ವೆಂಕಟಪ್ಪನವರೂ ಈ ಕಾರ್ಯದಲ್ಲಿ ನೆರವಾದರು. 1915ರಲ್ಲಿ ಲಂಡನ್ನಿನ ಇಂಡಿಯಾ ಸೊಸೈಟಿಯ ಮೂಲಕ ಆ ಪ್ರತಿಗಳು ಗ್ರಂಥರೂಪದಲ್ಲಿ ಪ್ರಕಟವಾದುವು.

ಇಂತಹ ಪ್ರತಿಗಳ ಅಗತ್ಯವನ್ನು ಒಂದನೆಯ ಗುಹೆಯ ರಾಜಸಭೆಯ ದೃಶ್ಯವೇ ತಿಳಿಸುತ್ತದೆ. ಅದರಲ್ಲಿರುವ ಅರಸನನ್ನು, ಪರ್ಷಿಯದ ರಾಯಭಾರಿಗಳನ್ನು ಬರಮಾಡಿಕೊಳ್ಳುತ್ತಿರುವ ಇಮ್ಮಡಿ ಪುಲಕೇಶಿಯೆಂದು 1879ರಲ್ಲಿ ಫರ್ಗುಸನ್ ಗುರುತಿಸಿದರು. ವಾಲ್ಟರ್ ಸ್ಪಿಂಕ್ ಅವರಾದರೋ ಆ ಗುಹೆಯನ್ನು ವಾಕಾಟಕ ಹರಿಷೇಣನ ಕಾಲಕ್ಕೆ, ಎಂದರೆ ಐದನೆಯ ಶತಮಾನಕ್ಕೆ ಸೇರಿಸಿದರು. ಇದನ್ನು ಒಪ್ಪಿದರೆ, ಏಳನೆಯ ಶತಮಾನದ ಚಾಲುಕ್ಯ ಚಕ್ರವರ್ತಿಯನ್ನು ಅಲ್ಲಿ ಕಾಣಲಾಗದು.

ವ್ಯಾಖ್ಯಾನ ಬದಲಾಗುತ್ತದೆ, ರೇಖೆ ಉಳಿಯಬೇಕು. ಓಲೆಯ ಪ್ರತಿಕಾರನಂತೆ ಚಿತ್ರದ ಪ್ರತಿಕಾರನೂ ಕಂಡುದನ್ನು ಕಂಡಂತೆ ಉಳಿಸಿದರೆ ಸಾಕು. ಅರ್ಥನಿರ್ಣಯ ಮುಂದಿನವರ ಹೊಣೆ.